ಸಿಸ್ಪ್ಲಾಟಿನ್, ವಿಕಿರಣ ಮತ್ತು ಒಂದು ಜೋಡಿ ಮೂತ್ರಪಿಂಡ: ಗರ್ಭಕಂಠ ಕ್ಯಾನ್ಸರ್‌ನ ಒಂದು ಪ್ರಕರಣ ಅಧ್ಯಯನ

ಗರ್ಭಕಂಠದ ಕ್ಯಾನ್ಸರ್‌ಗೆ ವಿಕಿರಣ ಚಿಕಿತ್ಸೆ ನಡೆಯುವ ವಾರಗಳಲ್ಲಿ, ವಾರಕ್ಕೊಮ್ಮೆ ಸಿಸ್ಪ್ಲಾಟಿನ್ ಎಂಬ ಔಷಧಿಯನ್ನೂ ರಕ್ತನಾಳದ ಮೂಲಕ ಕೊಡುವುದು ಈಗ ಎಲ್ಲೆಡೆ ರೂಢಿಯಲ್ಲಿದೆ. ಈ ಸಣ್ಣ ಪ್ರಮಾಣದ ಔಷಧಿಯಿಂದ ನಾವು ಮುಖ್ಯವಾಗಿ ನಿರೀಕ್ಷಿಸುವುದು, ಕ್ಯಾನ್ಸರ್ ಜೀವಕೋಶಗಳು ವಿಕಿರಣದ ಪೆಟ್ಟಿಗೆ ಹೆಚ್ಚು ಸುಲಭವಾಗಿ ಬಲಿಯಾಗುವಂತೆ ಅದು ಮಾಡಲಿ ಎಂಬುದನ್ನು. ದಾವಣಗೆರೆಯ ಒಂದು ಆಸ್ಪತ್ರೆಯ ವಿಕಿರಣ ವಿಭಾಗದಲ್ಲಿ ಚಿಕಿತ್ಸೆ ಪಡೆದ ಒಬ್ಬ ಮಹಿಳೆಗೆ ಐದು ಬಾರಿ ಸಲ್ಲಬೇಕಾಗಿದ್ದ ಈ ಔಷಧಿ ಮೂರೇ ಬಾರಿ ಸಂದಿತು. ಉಳಿದೆರಡು ಬಾರಿ ಅದು ಏಕೆ ತಪ್ಪಿತು, ಆಗ ಯಾವ ಯಾವ ದಾರಿಗಳನ್ನು ತೂಗಿ ನೋಡಲಾಯಿತು, ಯಾವುದನ್ನು ಬಿಟ್ಟುಕೊಡಲಾಯಿತು, ಯಾವುದನ್ನು ಬಿಟ್ಟುಕೊಡಲಿಲ್ಲ ಎಂಬುದನ್ನು ದಾಖಲಿಸುವುದು ಈ ಬರಹದ ಉದ್ದೇಶ. ಗುರುತು ಸಿಗದಿರಲೆಂದು ಕುಟುಂಬದ ಮತ್ತು ಊರಿನ ಕೆಲವು ವಿವರಗಳನ್ನು ಬದಲಿಸಲಾಗಿದೆ. ನಿರ್ಧಾರಗಳ ಕ್ರಮವನ್ನು ಮತ್ತು ಅವುಗಳ ಹಿಂದಿನ ಕಾರಣಗಳನ್ನು ಇದ್ದಂತೆಯೇ ಇಡಲಾಗಿದೆ.

ಹಿನ್ನೆಲೆ

ರೋಗಿ ಜಗಳೂರು ಭಾಗದ ಒಂದು ಹಳ್ಳಿಯವರು. ವಯಸ್ಸು 54, ತೂಕ 42 ಕೆಜಿ, ಎತ್ತರ ಸುಮಾರು 150 ಸೆಂಟಿಮೀಟರ್. ಸ್ವಲ್ಪ ಒಣಭೂಮಿಯಲ್ಲಿ ಮೆಕ್ಕೆಜೋಳ ಮತ್ತು ಶೇಂಗಾ ಬೆಳೆಯುವ ಕುಟುಂಬ. ಉಳಿದ ದಿನಗಳಲ್ಲಿ ಈರುಳ್ಳಿ ಹೊಲಗಳಲ್ಲಿ ಕೂಲಿ. ಮುಟ್ಟು ನಿಂತು ಆರು ವರ್ಷಗಳಾದ ಮೇಲೆ ಮತ್ತೆ ರಕ್ತಸ್ರಾವ ಕಾಣಿಸಿಕೊಂಡಿತ್ತು. ಈ ವಯಸ್ಸಿನಲ್ಲಿ ಹೀಗಾಗುವುದು ಸಹಜ ಎಂದು ಅಕ್ಕಪಕ್ಕದವರು ಹೇಳಿದ್ದರಿಂದಲೂ, ವಿಷಯವನ್ನು ಮಗನ ಮುಂದೆ ಹೇಳಲು ಸಂಕೋಚವಾಗಿದ್ದರಿಂದಲೂ ಹಲವು ತಿಂಗಳುಗಳು ಕಳೆದವು. ಕೊನೆಗೆ ಸೊಸೆಯೇ ಅತ್ತೆಯನ್ನು ತಾಲ್ಲೂಕು ಆಸ್ಪತ್ರೆಗೆ ಕರೆತಂದರು. ಅಲ್ಲಿಂದ ದಾವಣಗೆರೆಗೆ ಕಳುಹಿಸಿದರು.

ಪರೀಕ್ಷೆಯಲ್ಲಿ ಕಂಡದ್ದು ಮೇಲ್ಪದರದ ಚಪ್ಪಟೆ ಜೀವಕೋಶಗಳಲ್ಲಿ ಹುಟ್ಟುವ ಸ್ಕ್ವಾಮಸ್ ಜಾತಿಯ ಕ್ಯಾನ್ಸರ್. ಗಡ್ಡೆ ಗರ್ಭಕಂಠವನ್ನು ದಾಟಿ ಎಡಭಾಗದ ಶ್ರೋಣಿಯ (ಸೊಂಟದ ಮೂಳೆಗಳ ನಡುವಿನ ಭಾಗದ) ಗೋಡೆಯವರೆಗೆ ಹಬ್ಬಿತ್ತು, ಎಡ ಮೂತ್ರನಾಳವನ್ನು ಒತ್ತಿ ಹಿಡಿದಿತ್ತು, ಹಾಗಾಗಿ ಎಡ ಮೂತ್ರಪಿಂಡ ಮೂತ್ರ ತುಂಬಿ ಊದಿಕೊಂಡಿತ್ತು. ಇದನ್ನು 3ಬಿ ಹಂತ ಎಂದು ಗುರುತಿಸಲಾಗುತ್ತದೆ. ಈ ಹಂತದಲ್ಲಿ ಶಸ್ತ್ರಚಿಕಿತ್ಸೆಗೆ ಎಡೆಯಿಲ್ಲ. ಗುಣಪಡಿಸುವ ಹಾದಿ ವಿಕಿರಣದ್ದೇ. ಹೊರಗಿನಿಂದ ಐದು ವಾರ ವಿಕಿರಣ, ಅನಂತರ ಗರ್ಭಕಂಠದೊಳಗೇ ವಿಕಿರಣ ಮೂಲವನ್ನು ಇರಿಸಿ ಕೊಡುವ ಬ್ರಾಕಿಥೆರಪಿ, ಜೊತೆಗೆ ವಾರಕ್ಕೊಮ್ಮೆ ಸಿಸ್ಪ್ಲಾಟಿನ್. ಕುಟುಂಬದ ಬಳಿ ಬಿಪಿಎಲ್ ಕಾರ್ಡ್ ಇದ್ದುದರಿಂದ ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ ಯೋಜನೆಯಡಿ ಚಿಕಿತ್ಸೆಯ ವೆಚ್ಚಕ್ಕೆ ದಾರಿಯಾಯಿತು. ಆದರೆ ರೋಗಿಯ ಹಿಮೋಗ್ಲೋಬಿನ್ 7.4 ಇತ್ತು, ಮೂತ್ರಪಿಂಡಗಳು ಹೊರಹಾಕಬೇಕಾದ ತ್ಯಾಜ್ಯವಾದ ಕ್ರಿಯಾಟಿನಿನ್ ರಕ್ತದಲ್ಲಿ 1.1 ಇತ್ತು. ಈ ಎರಡು ಅಂಕಿಗಳು ಮುಂದಿನ ಇಡೀ ಕಥನವನ್ನು ನಡೆಸುತ್ತವೆ.

ಔಷಧಿ ಮಾಡುವ ಕೆಲಸ

ವಿಕಿರಣವು ಜೀವಕೋಶದ ಡಿಎನ್ಎ ಎಳೆಗಳನ್ನು ಕಡಿದುಹಾಕುತ್ತದೆ. ಒಂದೇ ಎಳೆ ಕಡಿದರೆ ಜೀವಕೋಶ ಅದನ್ನು ಸುಲಭವಾಗಿ ಬೆಸೆದುಕೊಳ್ಳುತ್ತದೆ; ಎರಡೂ ಎಳೆಗಳು ಒಟ್ಟಿಗೆ ಕಡಿದಾಗ ದುರಸ್ತಿ ಕಷ್ಟ, ಆದರೂ ಹಲವು ಜೀವಕೋಶಗಳು ಕೆಲವೇ ಗಂಟೆಗಳಲ್ಲಿ ಅದನ್ನೂ ಸರಿಪಡಿಸಿಕೊಂಡು ಬದುಕಿ ಉಳಿಯುತ್ತವೆ. ಸಿಸ್ಪ್ಲಾಟಿನ್‌ನಲ್ಲಿರುವ ಪ್ಲಾಟಿನಂ ಪರಮಾಣು ಡಿಎನ್ಎಯ ಗ್ವಾನಿನ್ ಎಂಬ ಘಟಕಕ್ಕೆ ಅಂಟಿಕೊಂಡು, ಪಕ್ಕಪಕ್ಕದ ಘಟಕಗಳನ್ನು ಒಂದಕ್ಕೊಂದು ಕಟ್ಟಿಹಾಕುತ್ತದೆ. ದುರಸ್ತಿಗೆ ಬಂದ ಕಿಣ್ವಗಳು ಆ ಕಟ್ಟನ್ನು ಬಿಡಿಸುವುದರಲ್ಲಿ ತೊಡಗಿರುವಾಗಲೇ ವಿಕಿರಣದ ಗಾಯಗಳೂ ಸೇರುವುದರಿಂದ, ಗಾಯಗಳು ಮಾಯದ ಡಿಎನ್ಎಯೊಡನೆಯೇ ಜೀವಕೋಶ ವಿಭಜನೆಗೆ ಹೊರಟು ಸಾಯುತ್ತದೆ. ಮಿಷಿಗನ್‌ನ ವಿಜ್ಞಾನಿ ಬಾರ್ನೆಟ್ ರೋಸೆನ್‌ಬರ್ಗ್ ಅವರ ಪ್ರಯೋಗಶಾಲೆಯಲ್ಲಿ, ಪ್ಲಾಟಿನಂ ವಿದ್ಯುದ್ವಾರಗಳಿಂದ ಹೊಮ್ಮಿದ ಸಂಯುಕ್ತವು ಬ್ಯಾಕ್ಟೀರಿಯಾಗಳ ವಿಭಜನೆಯನ್ನು ತಡೆಯುವುದು 1965ರಲ್ಲಿ ವರದಿಯಾಯಿತು. 1978ರಲ್ಲಿ ಅಮೆರಿಕದಲ್ಲಿ ಇದಕ್ಕೆ ಔಷಧಿಯಾಗಿ ಅನುಮತಿ ಸಿಕ್ಕಿತು. ಗರ್ಭಕಂಠದ ಕ್ಯಾನ್ಸರ್‌ನಲ್ಲಿ ವಿಕಿರಣದ ಜೊತೆಗೆ ಇದನ್ನು ಕೊಡುವ ಬಗ್ಗೆ ಐದು ದೊಡ್ಡ ಅಧ್ಯಯನಗಳ ಫಲಿತಾಂಶಗಳನ್ನು ಮುಂದಿಟ್ಟು ಅಮೆರಿಕದ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆ 1999ರ ಫೆಬ್ರವರಿಯಲ್ಲಿ ವೈದ್ಯರಿಗೆ ವಿಶೇಷ ಸೂಚನೆ ಹೊರಡಿಸಿತು. ಅಂದಿನಿಂದ ದೇಹದ ಮೇಲ್ಮೈ ಅಳತೆಯ ಚದರ ಮೀಟರಿಗೆ 40 ಮಿಲಿಗ್ರಾಂನಂತೆ ವಾರಕ್ಕೊಮ್ಮೆ ಕೊಡುವುದು ವಾಡಿಕೆಯಾಯಿತು. ನಮ್ಮ ರೋಗಿಗೆ ಅದು ಸುಮಾರು 53 ಮಿಲಿಗ್ರಾಂ ಆಗುತ್ತಿತ್ತು.

ಈ ಲಾಭ ಎಷ್ಟು ದೊಡ್ಡದು ಎಂಬುದನ್ನು ಪ್ರಾಮಾಣಿಕವಾಗಿ ಹೇಳಬೇಕು, ಏಕೆಂದರೆ ಮುಂದಿನ ನಿರ್ಧಾರಗಳೆಲ್ಲ ಅದರ ಮೇಲೆ ನಿಂತಿವೆ. ಹಲವು ಅಧ್ಯಯನಗಳ ರೋಗಿಗಳನ್ನು ಒಟ್ಟುಗೂಡಿಸಿ 2008ರಲ್ಲಿ ಪ್ರಕಟವಾದ ವಿಶ್ಲೇಷಣೆಯಲ್ಲಿ, ವಿಕಿರಣದ ಜೊತೆ ಕಿಮೋ (ಇಂಥ ಕ್ಯಾನ್ಸರ್ ಔಷಧಿ) ಸೇರಿಸಿದಾಗ ಐದು ವರ್ಷ ಬದುಕಿ ಉಳಿಯುವವರ ಪ್ರಮಾಣ ಶೇ. 6ರಷ್ಟು ಹೆಚ್ಚಾಯಿತು, ಆದರೆ ರೋಗ ಮುಂದುವರಿದ ಹಂತಗಳಿಗೆ ಹೋದಂತೆ ಲಾಭ ಕುಗ್ಗಿ, ಮೂರನೆಯ ಹಂತ ಮತ್ತು ಅದರಾಚೆ ಶೇ. 3ಕ್ಕೆ ಇಳಿದಿತ್ತು. 3ಬಿ ಹಂತದವರಿಗೆ ಇದು ನಿಜಕ್ಕೂ ಬೇಕೇ ಎಂಬ ಸಂದೇಹ ಆಗ ಉಳಿದುಕೊಂಡಿತು. ಆ ಸಂದೇಹಕ್ಕೆ ಉತ್ತರ ಸಿಕ್ಕಿದ್ದು ಮುಂಬೈನ ಟಾಟಾ ಸ್ಮಾರಕ ಆಸ್ಪತ್ರೆಯಿಂದ. 3ಬಿ ಹಂತದ 850 ಮಹಿಳೆಯರ ಮೇಲೆ ನಡೆದು 2018ರಲ್ಲಿ ಪ್ರಕಟವಾದ ಅವರ ಅಧ್ಯಯನದಲ್ಲಿ, ವಿಕಿರಣ ಮಾತ್ರ ಪಡೆದವರಲ್ಲಿ ಐದು ವರ್ಷ ರೋಗ ಮರುಕಳಿಸದೆ ಉಳಿದವರು ಶೇ. 43.8, ಸಿಸ್ಪ್ಲಾಟಿನ್ ಸಹ ಪಡೆದವರಲ್ಲಿ ಶೇ. 52.3. ನಮ್ಮದೇ ದೇಶದ, ನಮ್ಮ ರೋಗಿಯಂತೆಯೇ ತಡವಾಗಿ ಬಂದ ಮಹಿಳೆಯರ ಅಂಕಿಗಳಿವು ಎಂಬ ಕಾರಣಕ್ಕೆ ನಾನು ಇವುಗಳಿಗೆ ಹೆಚ್ಚಿನ ತೂಕ ಕೊಡುತ್ತೇನೆ. ಇನ್ನೊಂದು ಮಾತನ್ನೂ ಇದೇ ಅಂಕಿಗಳು ಹೇಳುತ್ತವೆ: ಔಷಧಿಯಿಲ್ಲದ ವಿಕಿರಣವೂ ಹತ್ತರಲ್ಲಿ ನಾಲ್ವರಿಗಿಂತ ಹೆಚ್ಚು ಮಂದಿಯನ್ನು ಐದು ವರ್ಷ ರೋಗದಿಂದ ದೂರ ಇಟ್ಟಿತ್ತು. ಮುಖ್ಯ ಚಿಕಿತ್ಸೆ ಯಾವುದು, ಅದಕ್ಕೆ ಒತ್ತಾಸೆಯಾಗಿ ನಿಲ್ಲುವುದು ಯಾವುದು ಎಂಬುದು ಇಲ್ಲಿ ಸ್ಪಷ್ಟವಿದೆ.

ಮೊದಲ ನಿರ್ಧಾರ: ಔಷಧಿ ಕೊಡಬಹುದೇ?

ಕ್ರಿಯಾಟಿನಿನ್ 1.1 ಎಂದು ಪ್ರಯೋಗಾಲಯದ ಚೀಟಿಯಲ್ಲಿ ಬರೆದಿತ್ತು. ಅದರ ಪಕ್ಕದಲ್ಲಿ ಎಚ್ಚರಿಕೆಯ ಗುರುತೇನೂ ಇರಲಿಲ್ಲ. ಆದರೆ ಕ್ರಿಯಾಟಿನಿನ್ ಹುಟ್ಟುವುದು ಸ್ನಾಯುಗಳಲ್ಲಿ. ಸೊರಗಿದ, 42 ಕೆಜಿ ತೂಕದ ಮಹಿಳೆಯ ದೇಹದಲ್ಲಿ ಅದು ಉತ್ಪತ್ತಿಯಾಗುವುದೇ ಕಡಿಮೆ, ಆದ್ದರಿಂದ ರಕ್ತದಲ್ಲಿ 1.1 ಇದೆ ಎಂದರೆ ಮೂತ್ರಪಿಂಡಗಳು ಅದನ್ನು ಸರಿಯಾಗಿ ಹೊರಹಾಕುತ್ತಿಲ್ಲ ಎಂದೇ ಅರ್ಥ. ವಯಸ್ಸು ಮತ್ತು ತೂಕವನ್ನು ಸೇರಿಸಿ ಕಾಕ್‌ಕ್ರಾಫ್ಟ್–ಗಾಲ್ಟ್ ಸೂತ್ರದಿಂದ ಲೆಕ್ಕ ಹಾಕಿದಾಗ, ಮೂತ್ರಪಿಂಡಗಳ ಶೋಧನ ಸಾಮರ್ಥ್ಯ ನಿಮಿಷಕ್ಕೆ ಸುಮಾರು 39 ಮಿಲಿಲೀಟರ್ ಬಂತು. ವಾರದ ಸಿಸ್ಪ್ಲಾಟಿನ್‌ಗೆ ನಮ್ಮಲ್ಲಿ ಕನಿಷ್ಠ 50 ಇರಬೇಕೆಂದು ಪಾಲಿಸುತ್ತೇವೆ. ಚೀಟಿಯ ಅಂಕಿಯೊಂದನ್ನೇ ನಂಬಿದ್ದರೆ ಮೊದಲ ದಿನವೇ ಔಷಧಿ ಹೋಗುತ್ತಿತ್ತು.

ತಂಡದ ಸಭೆಯಲ್ಲಿ ಎರಡು ಅಭಿಪ್ರಾಯಗಳು ಬಂದವು. ಮೂತ್ರಪಿಂಡ ಸರಿಹೋಗಲೆಂದು ಕಾಯುವುದು ಬೇಡ, ರಕ್ತಸ್ರಾವವೂ ಇರುವುದರಿಂದ ವಿಕಿರಣವನ್ನು ಮಾತ್ರ ಕೂಡಲೇ ಆರಂಭಿಸೋಣ ಎಂದು ಒಬ್ಬರು ವಾದಿಸಿದರು. ಮುಂದುವರಿದ ಹಂತದಲ್ಲಿ ಔಷಧಿಯ ಲಾಭ ಕಡಿಮೆ ಎಂಬ 2008ರ ವಿಶ್ಲೇಷಣೆಯನ್ನು ಅವರು ಮುಂದಿಟ್ಟರು. ಒತ್ತಿಹೋದ ಮೂತ್ರನಾಳದೊಳಗೆ ಸ್ಟೆಂಟ್ ಎಂಬ ತೆಳು ಕೊಳವೆಯನ್ನು ಇಟ್ಟರೆ ಎಡ ಮೂತ್ರಪಿಂಡ ಚೇತರಿಸಿಕೊಳ್ಳಬಹುದು, ಆಗ ಔಷಧಿಯೂ ಸಾಧ್ಯವಾಗುತ್ತದೆ ಎಂಬುದು ಇನ್ನೊಬ್ಬರ ಮಾತು. ಈ ಬಿಕ್ಕಟ್ಟು ಬಿಡಿಸಿದ್ದು ಕ್ಯಾಲೆಂಡರ್. ವಿಕಿರಣಕ್ಕೆ ಮೊದಲು ಸಿಟಿ ಸ್ಕ್ಯಾನ್ ತೆಗೆದು, ಎಲ್ಲಿಗೆ ಎಷ್ಟು ಪ್ರಮಾಣ ಎಂದು ಯೋಜನೆ ರೂಪಿಸಲು ಹೇಗಿದ್ದರೂ ಕೆಲವು ದಿನಗಳು ಬೇಕು. ಅದೇ ದಿನಗಳಲ್ಲಿ ಸ್ಟೆಂಟ್ ಇಡುವುದು ಮತ್ತು ರಕ್ತ ಕೊಡುವುದು ಎರಡನ್ನೂ ಮುಗಿಸಿದರೆ ಯಾವುದಕ್ಕೂ ಪ್ರತ್ಯೇಕವಾಗಿ ಕಾಯಬೇಕಿರಲಿಲ್ಲ. ಹಾಗೆಯೇ ಮಾಡಲಾಯಿತು. ಸ್ಟೆಂಟ್ ಸುಗಮವಾಗಿ ಕೂತಿತು. ವಾರದಲ್ಲಿ ಕ್ರಿಯಾಟಿನಿನ್ 0.8ಕ್ಕೆ ಇಳಿದು, ಶೋಧನ ಸಾಮರ್ಥ್ಯ 53ಕ್ಕೆ ಏರಿತು.

ರಕ್ತದ ವಿಷಯವನ್ನು ಇಲ್ಲಿಯೇ ಹೇಳಬೇಕು, ಏಕೆಂದರೆ ಅದೂ ಜೀವಕೋಶಗಳನ್ನು ವಿಕಿರಣಕ್ಕೆ ಸೂಕ್ಷ್ಮವಾಗಿಸುವ ಪ್ರಶ್ನೆಯೇ. ವಿಕಿರಣದಿಂದ ಡಿಎನ್ಎಗೆ ಆದ ಗಾಯವನ್ನು ಆಮ್ಲಜನಕವು ಶಾಶ್ವತಗೊಳಿಸುತ್ತದೆ. ಆಮ್ಲಜನಕವಿಲ್ಲದೆ ಉಸಿರುಗಟ್ಟಿದ ಜೀವಕೋಶವನ್ನು ಕೊಲ್ಲಲು ಎರಡೂವರೆಯಿಂದ ಮೂರು ಪಟ್ಟು ವಿಕಿರಣ ಬೇಕಾಗುತ್ತದೆ. ಗಡ್ಡೆಯೊಳಗೆ ರಕ್ತನಾಳದಿಂದ ದೂರವಿರುವ ಭಾಗಗಳು ಹೀಗೆಯೇ ಇರುತ್ತವೆ ಎಂದು ಥಾಮ್ಲಿನ್ಸನ್ ಮತ್ತು ಗ್ರೇ ಎಂಬ ಸಂಶೋಧಕರು 1955ರಲ್ಲಿಯೇ ತೋರಿಸಿದ್ದರು. ಆ ಜೀವಕೋಶಗಳಲ್ಲಿ ಆಮ್ಲಜನಕದ ಪಾತ್ರವನ್ನು ತಾನೇ ವಹಿಸಲೆಂದು ಮಿಸೋನಿಡಜೋಲ್ ಎಂಬ ಔಷಧಿಯನ್ನು ಪ್ರಯೋಗಿಸಿದಾಗ ನರಗಳಿಗಾದ ಹಾನಿಯೇ ಅದಕ್ಕೆ ಅಡ್ಡಿಯಾಯಿತು. ಅದೇ ಬಳಗದ, ಹೆಚ್ಚು ಸೌಮ್ಯವಾದ ನಿಮೊರಾಜೋಲ್ ಡೆನ್ಮಾರ್ಕಿನಲ್ಲಿ ತಲೆ ಮತ್ತು ಕತ್ತಿನ ಕ್ಯಾನ್ಸರ್‌ಗೆ ಬಳಕೆಯಲ್ಲಿದೆ. ರಕ್ತ ಹೆಚ್ಚಿಸುವ ಎರಿಥ್ರೊಪೊಯೆಟಿನ್ ಚುಚ್ಚುಮದ್ದು ಕೊಟ್ಟರಾಗದೇ ಎಂದು ರೋಗಿಯ ಮಗ ಕೇಳಿದರು. ಯಾರೋ ಅವರಿಗೆ ಸಲಹೆ ಕೊಟ್ಟಿದ್ದರಂತೆ. ತಲೆ ಮತ್ತು ಕತ್ತಿನ ಕ್ಯಾನ್ಸರ್ ರೋಗಿಗಳ ಮೇಲೆ ನಡೆದು 2003ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಆ ಚುಚ್ಚುಮದ್ದು ಹಿಮೋಗ್ಲೋಬಿನನ್ನು ಏರಿಸಿತ್ತು, ಆದರೆ ಕ್ಯಾನ್ಸರ್ ನಿಯಂತ್ರಣ ಇನ್ನಷ್ಟು ಹದಗೆಟ್ಟಿತ್ತು. ಅದನ್ನು ವಿವರಿಸಿ, ನೇರವಾಗಿ ರಕ್ತವನ್ನೇ ಕೊಡುವುದೆಂದು ತೀರ್ಮಾನಿಸಿದೆವು. ಮಗನ ಗೆಳೆಯರು ಹಳ್ಳಿಯಿಂದ ಬಂದು ರಕ್ತದಾನ ಮಾಡಿದರು. ಮೂರು ಯೂನಿಟ್ ರಕ್ತದ ನಂತರ ಹಿಮೋಗ್ಲೋಬಿನ್ 10 ದಾಟಿತು.

ಮೂರನೆಯ ವಾರ

ಹೊರಗಿನ ವಿಕಿರಣಕ್ಕೆ 25 ಬಾರಿಗಳಲ್ಲಿ ಒಟ್ಟು 45 ಗ್ರೇ (ವಿಕಿರಣ ಪ್ರಮಾಣದ ಅಳತೆ) ಎಂದು ನಿಗದಿಯಾಗಿತ್ತು. ಔಷಧಿಯನ್ನು ಸೋಮವಾರ ಕೊಡಲಾಗುತ್ತಿತ್ತು, ಅದರ ಪರಿಣಾಮ ಅದೇ ವಾರದ ಮುಂದಿನ ವಿಕಿರಣದ ದಿನಗಳಿಗೂ ಒದಗಲಿ ಎಂದು. ಪ್ರತಿ ಸಲವೂ ಮೊದಲು ಮೆಗ್ನೀಸಿಯಂ ಮತ್ತು ಪೊಟ್ಯಾಸಿಯಂ ಬೆರೆಸಿದ ಸಲೈನ್, ವಾಂತಿ ತಡೆಯುವ ಚುಚ್ಚುಮದ್ದು, ಆಮೇಲೆ ಸಿಸ್ಪ್ಲಾಟಿನ್, ಆಮೇಲೆ ಮತ್ತೆ ಸಲೈನ್, ಅನಂತರ ವಿಕಿರಣ ಯಂತ್ರದ ಕೋಣೆ. ಮನೆಗೆ ಹೋದ ಮೇಲೆ ದಿನಕ್ಕೆ ಕನಿಷ್ಠ ಮೂರು ಲೀಟರ್ ನೀರು ಕುಡಿಯಬೇಕೆಂದು ತಿಳಿಸಲಾಗಿತ್ತು. ಮೊದಲ ಎರಡು ವಾರ ಯಾವ ತೊಡಕೂ ಕಾಣಲಿಲ್ಲ. ರಕ್ತಸ್ರಾವ ನಿಂತಿತು, ರೋಗಿಯ ಮುಖದಲ್ಲಿ ಗೆಲುವು ಕಂಡಿತು.

ಮೂರನೆಯ ಬಾರಿಯ ಔಷಧಿಗೆ ಮೊದಲು ಮಾಡಿದ ರಕ್ತಪರೀಕ್ಷೆಯಲ್ಲಿ ಕ್ರಿಯಾಟಿನಿನ್ 1.5 ಬಂತು. ಲೆಕ್ಕ ಹಾಕಿದರೆ ಶೋಧನ ಸಾಮರ್ಥ್ಯ 28. ಆ ದಿನ ಔಷಧಿಯನ್ನು ತಡೆಹಿಡಿಯುವ ವಿಷಯದಲ್ಲಿ ಯಾರಿಗೂ ಅನುಮಾನವಿರಲಿಲ್ಲ. ಕಾರಣವೇನು ಎಂಬುದೇ ಪ್ರಶ್ನೆಯಾಗಿತ್ತು. ಸ್ಟೆಂಟ್ ಕಟ್ಟಿಕೊಂಡಿರಬಹುದೆಂದು ಅಲ್ಟ್ರಾಸೌಂಡ್ ಮಾಡಿಸಲಾಯಿತು. ಮೂತ್ರಪಿಂಡದ ಊತ ಇಳಿದೇ ಇತ್ತು, ಸ್ಟೆಂಟ್ ಸರಿಯಾದ ಜಾಗದಲ್ಲಿತ್ತು. ಮೂತ್ರದ ಸೋಂಕಿರಲಿಲ್ಲ. ಉಳಿದದ್ದು ಸಿಸ್ಪ್ಲಾಟಿನ್ ಒಂದೇ ಎಂದುಕೊಂಡರೆ, ಎರಡೇ ಸಲದ ವಾರದ ಪ್ರಮಾಣಕ್ಕೆ ಇಷ್ಟು ಏರಿಕೆ ಸ್ವಲ್ಪ ಹೆಚ್ಚೇ ಅನ್ನಿಸಿತು.

ಡೇ ಕೇರ್ ವಾರ್ಡಿನ ಹಿರಿಯ ಸಿಸ್ಟರ್ ಒಬ್ಬರು ರೋಗಿಯ ಪಕ್ಕ ಕೂತು, ಕೈಚೀಲದಲ್ಲಿ ಇದ್ದದ್ದನ್ನೆಲ್ಲ ಹಾಸಿಗೆಯ ಮೇಲೆ ಇಡಲು ಹೇಳಿದರು. ಎಲೆ-ಅಡಿಕೆಯ ಸಂಚಿ, ಬಸ್ಸಿನ ಚೀಟಿಗಳು, ಆಸ್ಪತ್ರೆಯ ಮಾತ್ರೆಗಳ ನಡುವೆ ಡೈಕ್ಲೊಫೆನಾಕ್ ಇರುವ ನೋವಿನ ಮಾತ್ರೆಯ ಎರಡು ಪಟ್ಟಿಗಳಿದ್ದವು. ಚಿಕಿತ್ಸೆ ಆರಂಭಿಸುವಾಗ "ಬೇರೆ ಯಾವುದಾದರೂ ಔಷಧಿ ತೆಗೆದುಕೊಳ್ಳುತ್ತೀರಾ" ಎಂದು ಕೇಳಿದ್ದಕ್ಕೆ ಇಲ್ಲವೆಂದು ಉತ್ತರ ಬಂದಿತ್ತು, ಅದು ಕಡತದಲ್ಲಿಯೂ ದಾಖಲಾಗಿತ್ತು. ಈಗ ರೋಗಿ ಹೇಳಿದ್ದು: "ಇದು ಔಷಧಿ ಅಲ್ರೀ ಸಿಸ್ಟರ್, ಮಣಕಾಲು ನೋವಿನ ಗುಳಿಗಿ. ಮೊದ್ಲಿಂದಾನೂ ನುಂಗ್ತೀನಿ." ಊರಿನ ಮೆಡಿಕಲ್ ಶಾಪ್‌ನಲ್ಲಿ ಚೀಟಿ ಕೇಳದೆ ಕೊಡುತ್ತಿದ್ದ ಆ ಮಾತ್ರೆಯನ್ನು ಅವರು ಹಲವು ವರ್ಷಗಳಿಂದ ನುಂಗುತ್ತಿದ್ದರು. ಚಿಕಿತ್ಸೆ ಶುರುವಾದ ಮೇಲೆ ದಿನವೂ ಬಸ್ಸಿನಲ್ಲಿ ಕೂತು ಕಾಲು ಹಿಡಿದುಕೊಳ್ಳುತ್ತಿದ್ದುದರಿಂದ ದಿನಕ್ಕೆ ಎರಡರಂತೆ ಆಗಿತ್ತು. ನಮ್ಮ ಈ ಸೀಮೆಯಲ್ಲಿ ಕೀಲುನೋವು ಮನೆಮನೆಯ ಮಾತು. ಕೊಳವೆಬಾವಿಯ ನೀರಿನಲ್ಲಿ ಫ್ಲೋರೈಡ್ ಹೆಚ್ಚಿರುವ ಹಳ್ಳಿಗಳಲ್ಲಂತೂ ಅದು ಇನ್ನಷ್ಟು. ನೋವಿನ ಮಾತ್ರೆ ಎಲೆ-ಅಡಿಕೆಯಷ್ಟೇ ಸಾಮಾನ್ಯವಾಗಿ ಚೀಲದಲ್ಲಿರುತ್ತದೆ.

ಈ ಜಾತಿಯ ನೋವಿನ ಮಾತ್ರೆಗಳು ಮೂತ್ರಪಿಂಡಕ್ಕೆ ರಕ್ತ ತರುವ ಸಣ್ಣ ನಾಳಗಳನ್ನು ಹಿಗ್ಗಿಸಿಡುವ ಪ್ರೋಸ್ಟಾಗ್ಲ್ಯಾಂಡಿನ್‌ಗಳ ಉತ್ಪತ್ತಿಯನ್ನು ತಡೆಯುತ್ತವೆ. ದೇಹದಲ್ಲಿ ನೀರು ಸಾಕಷ್ಟಿರುವಾಗ ಇದರಿಂದ ದೊಡ್ಡ ತೊಂದರೆಯಾಗದಿರಬಹುದು. ನೀರು ಕಡಿಮೆಯಾದಾಗ ಆ ನಾಳಗಳೇ ಮೂತ್ರಪಿಂಡವನ್ನು ಉಳಿಸುವ ಆಸರೆ. ಸಿಸ್ಪ್ಲಾಟಿನ್ ಇನ್ನೊಂದು ಬದಿಯಿಂದ, ಮೂತ್ರಪಿಂಡದ ಸೂಕ್ಷ್ಮ ನಾಳಿಕೆಗಳ ಜೀವಕೋಶಗಳಲ್ಲಿ ಸಂಗ್ರಹವಾಗಿ ಅವುಗಳನ್ನು ಘಾಸಿಗೊಳಿಸುತ್ತದೆ. ಎರಡೂ ಸೇರಿದಾಗ ಆಗುವುದು ಇದೇ.

ಹಾಗಿದ್ದರೆ ನೀರು? ಇಲ್ಲಿ ಇನ್ನೊಂದು ಎಳೆ ಸಿಕ್ಕಿತು. ಸೊಸೆಯ ತವರುಮನೆ ದಾವಣಗೆರೆಯಲ್ಲಿಯೇ ಇತ್ತು, ಅಲ್ಲಿ ಉಳಿದುಕೊಳ್ಳಿ ಎಂದು ಅವರು ಒತ್ತಾಯಿಸಿದ್ದರು. ಬೀಗರ ಮನೆಯಲ್ಲಿ ವಾರಗಟ್ಟಲೆ ಉಳಿಯುವುದು, ಅದೂ ಇಂಥ ಕಾಯಿಲೆ ಹೊತ್ತು, ತಮಗೆ ಸರಿಬರುವುದಿಲ್ಲವೆಂದು ರೋಗಿ ಒಪ್ಪಿರಲಿಲ್ಲ. ದಿನವೂ ಊರಿನಿಂದ ಬಂದು ಹೋಗುತ್ತಿದ್ದರು. ಬಿಸಿಲಿನ ದಿನಗಳು, ಒಂದು ದಾರಿಗೇ ಎರಡು ಗಂಟೆಯ ಹತ್ತಿರದ ಪ್ರಯಾಣ. ಮೂರು ಲೀಟರ್ ನೀರು ಕುಡಿಯುತ್ತೀರಾ ಎಂದು ಕೇಳಿದಾಗ ಉತ್ತರ ನೇರವಾಗಿತ್ತು: "ಬಸ್ಸಿನಾಗ ನೀರು ಕುಡುದ್ರೆ ಎಲ್ಲಿಗೆ ಹೋಗದು ರೀ?" ಬೆಳಗ್ಗೆ ಮನೆ ಬಿಡುವ ಮುಂಚಿನಿಂದ ಮಧ್ಯಾಹ್ನ ಹಿಂದಿರುಗುವವರೆಗೆ ಅವರು ಹನಿ ನೀರು ಮುಟ್ಟುತ್ತಿರಲಿಲ್ಲ. ದೂರದ ಬಸ್ಸು ಹತ್ತುವ ಹಳ್ಳಿಯ ಹೆಂಗಸರಲ್ಲಿ ಹೆಚ್ಚಿನವರು ಹೀಗೆಯೇ ಮಾಡುತ್ತಾರೆ, ಏಕೆಂದರೆ ದಾರಿಯಲ್ಲಿ ಅವರಿಗೆ ಹೋಗಲು ಜಾಗವಿಲ್ಲ. ಇದರ ಮೇಲೆ, ಶ್ರೋಣಿಯ ಭಾಗಕ್ಕೆ ವಿಕಿರಣ ಬಿದ್ದಾಗ ಮೂರನೆಯ ವಾರದ ಹೊತ್ತಿಗೆ ಸಾಮಾನ್ಯವಾಗಿ ಆರಂಭವಾಗುವ ಭೇದಿಯೂ ಸೇರಿಕೊಂಡಿತ್ತು. ಔಷಧಿಯು ಕ್ಯಾನ್ಸರ್ ಜೀವಕೋಶಗಳನ್ನಷ್ಟೇ ಆರಿಸಿ ಸೂಕ್ಷ್ಮಗೊಳಿಸುವುದಿಲ್ಲ. ಕರುಳಿನ ಒಳಪೊರೆಯೂ ವಿಕಿರಣಕ್ಕೆ ಹೆಚ್ಚು ಬೇಗ ನಲುಗುತ್ತದೆ.

ವಿಕಿರಣವನ್ನೂ ನಿಲ್ಲಿಸಬೇಕೆ?

ಈ ಪ್ರಕರಣದ ತಿರುವು ಇದು. ಒಂದು ವಾರ ಎರಡನ್ನೂ ನಿಲ್ಲಿಸಿ, ಮೂತ್ರಪಿಂಡ ಸುಧಾರಿಸಿದ ಮೇಲೆ ಔಷಧಿ ಮತ್ತು ವಿಕಿರಣವನ್ನು ಒಟ್ಟಿಗೆ ಮುಂದುವರಿಸಬಾರದೇಕೆ ಎಂದು ಮಗ ಕೇಳಿದರು. ಔಷಧಿ ವಿಕಿರಣದ ಬಲ ಹೆಚ್ಚಿಸುತ್ತದೆ ಎಂದು ನಾವೇ ಹೇಳಿದ್ದೆವು. ಹಾಗಾದರೆ ಔಷಧಿ ಇಲ್ಲದ ವಿಕಿರಣವನ್ನು ಏಕೆ ವ್ಯರ್ಥ ಮಾಡಬೇಕು ಎಂಬುದು ಅವರ ತರ್ಕ. ಕೇಳಲು ಸಮಂಜಸವೆನಿಸುವ, ಆದರೆ ಅಪಾಯಕಾರಿಯಾದ ಆಲೋಚನೆ ಇದು. ವೈದ್ಯರಲ್ಲೂ ಕೆಲವರು ಇದಕ್ಕೆ ಮನಸೋಲುವುದುಂಟು.

ವಿಕಿರಣ ನಡೆಯುತ್ತಿರುವಾಗ ಬದುಕಿ ಉಳಿದ ಕ್ಯಾನ್ಸರ್ ಜೀವಕೋಶಗಳು ಕೆಲವು ವಾರಗಳಾದ ಮೇಲೆ ಮೊದಲಿಗಿಂತ ವೇಗವಾಗಿ ವೃದ್ಧಿಸತೊಡಗುತ್ತವೆ. ಆದ್ದರಿಂದ ಹೊರಗಿನ ವಿಕಿರಣ ಮತ್ತು ಬ್ರಾಕಿಥೆರಪಿ ಎರಡೂ ಸೇರಿ ಎಂಟು ವಾರಗಳೊಳಗೆ ಮುಗಿಯಬೇಕು. ಅದರಾಚೆ ಬೆಳೆಯುವ ಒಂದೊಂದು ದಿನಕ್ಕೂ ಶ್ರೋಣಿಯಲ್ಲಿ ರೋಗ ನಿಯಂತ್ರಣದ ಸಾಧ್ಯತೆ ಶೇ. ಅರ್ಧದಿಂದ ಒಂದರಷ್ಟು ಕಡಿಮೆಯಾಗುತ್ತದೆ ಎಂಬುದು ಹಲವು ಕೇಂದ್ರಗಳ ಅನುಭವ. ಔಷಧಿಗಾಗಿ ವಿಕಿರಣವನ್ನು ಒಂದು ವಾರ ತಡೆದು, ಆ ವಾರದಿಂದ ಚಿಕಿತ್ಸೆ ಎಂಟು ವಾರಗಳ ಗಡಿ ದಾಟಿದರೆ, ಔಷಧಿಯಿಂದ ಬರಬಹುದಾದ ಲಾಭದ ಬಹುಪಾಲು ಅಲ್ಲಿಯೇ ಸೋರಿಹೋಗುತ್ತದೆ. ಕಾಗದದ ಮೇಲೆ ವಾರಗಳನ್ನು ಬರೆದು ಮಗನಿಗೆ ತೋರಿಸಿದ ಮೇಲೆ ಅವರು ಒಪ್ಪಿದರು. ವಿಕಿರಣ ಒಂದು ದಿನವೂ ನಿಲ್ಲಲಿಲ್ಲ. ಯುಗಾದಿಯ ದಿನ ಯಂತ್ರಕ್ಕೆ ರಜೆಯಿತ್ತು. ಆ ವಾರ ಶನಿವಾರ ಚಿಕಿತ್ಸೆ ಕೊಟ್ಟು ಸರಿದೂಗಿಸಲಾಯಿತು.

ಸಿಸ್ಪ್ಲಾಟಿನ್ ಬದಲು ಅದೇ ಬಳಗದ ಕಾರ್ಬೊಪ್ಲಾಟಿನ್ ಕೊಡುವ ದಾರಿಯೂ ಇತ್ತು. ಅದು ಮೂತ್ರಪಿಂಡಕ್ಕೆ ಅಷ್ಟು ಕೇಡು ಮಾಡದು, ಮೂತ್ರಪಿಂಡದ ಸಾಮರ್ಥ್ಯಕ್ಕೆ ತಕ್ಕಂತೆ ಪ್ರಮಾಣ ಲೆಕ್ಕ ಹಾಕಬಹುದು. ಆದರೆ ವಿಕಿರಣದ ಜೊತೆಗಾರನಾಗಿ ಗರ್ಭಕಂಠದ ಕ್ಯಾನ್ಸರ್‌ನಲ್ಲಿ ಅದಕ್ಕಿರುವ ಪುರಾವೆ ಸಿಸ್ಪ್ಲಾಟಿನ್‌ನಷ್ಟು ಗಟ್ಟಿಯಲ್ಲ. ರಕ್ತ ಹೆಪ್ಪುಗಟ್ಟಲು ಬೇಕಾದ ಪ್ಲೇಟ್‌ಲೆಟ್‌ಗಳನ್ನು ಅದು ಹೆಚ್ಚು ಇಳಿಸುತ್ತದೆ. ಪ್ಲೇಟ್‌ಲೆಟ್ ಇಳಿದರೆ ಮುಂದೆ ಬ್ರಾಕಿಥೆರಪಿಯ ಉಪಕರಣ ಇಡುವಾಗ ರಕ್ತಸ್ರಾವದ ಭಯ, ಬ್ರಾಕಿಥೆರಪಿ ಮುಂದಕ್ಕೆ ಹೋದರೆ ಮತ್ತೆ ಅದೇ ದಿನಗಳ ನಷ್ಟ. ಏರಿಕೆಯ ಕಾರಣ ಗೊತ್ತಾಗಿದೆ, ಅದನ್ನು ತೆಗೆದರೆ ಒಂದೆರಡು ವಾರದಲ್ಲಿ ಮೂತ್ರಪಿಂಡ ಚೇತರಿಸಿಕೊಳ್ಳಬಹುದು ಎಂಬ ಅಂದಾಜಿನ ಮೇಲೆ, ಸದ್ಯಕ್ಕೆ ವಿಕಿರಣ ಮಾತ್ರ ಎಂದು ನಿರ್ಧರಿಸಲಾಯಿತು. ಮೂತ್ರಪಿಂಡ ಚೇತರಿಸದೇ ಇದ್ದಿದ್ದರೆ ಉಳಿದ ಚಿಕಿತ್ಸೆಯನ್ನು ಔಷಧಿಯಿಲ್ಲದೆಯೇ ಮುಗಿಸುತ್ತಿದ್ದೆವು. ಅದನ್ನು ಮೊದಲೇ ಕುಟುಂಬಕ್ಕೆ ಹೇಳಿಟ್ಟೆವು.

ಡೈಕ್ಲೊಫೆನಾಕ್ ನಿಂತಿತು, ಅದರ ಜಾಗಕ್ಕೆ ಪ್ಯಾರಾಸಿಟಮಾಲ್ ಮತ್ತು ಮೊಣಕಾಲಿಗೆ ಬಿಸಿ ಕಾವು ಬಂದವು. ಭೇದಿಗೆ ಮಾತ್ರೆ, ಓಆರ್‌ಎಸ್, ವಾರಕ್ಕೆರಡು ಸಲ ಸಲೈನ್. ಇರುವ ಜಾಗದ ವಿಷಯದಲ್ಲಿ ನಮ್ಮ ಮಾತಿಗಿಂತ ಸೊಸೆಯ ತಾಯಿಯ ಮಾತು ಹೆಚ್ಚು ಕೆಲಸ ಮಾಡಿತು. ಅವರು ತಾವಾಗಿಯೇ ವಾರ್ಡಿಗೆ ಬಂದು ಬೀಗಿತ್ತಿಯ ಕೈಹಿಡಿದು ಮನೆಗೆ ಕರೆದೊಯ್ದರು. ಅಲ್ಲಿಂದಾಚೆ ನೀರಿಗೂ ಶೌಚಕ್ಕೂ ತೊಂದರೆಯಿರಲಿಲ್ಲ.

ನಾಲ್ಕನೆಯ ವಾರ ಕ್ರಿಯಾಟಿನಿನ್ 1.1, ಔಷಧಿ ಕೊಡಲಿಲ್ಲ. ಐದನೆಯ ವಾರ 0.8, ಶೋಧನ ಸಾಮರ್ಥ್ಯ ಮತ್ತೆ 53. ಹೊರಗಿನ ವಿಕಿರಣ ಮುಗಿಯುವ ಮುನ್ನ ಒಂದು ಬಾರಿ ಔಷಧಿ ಕೊಡುವ ಅವಕಾಶ ಉಳಿದಿತ್ತು. ಮೂತ್ರಪಿಂಡ ಆಗಷ್ಟೇ ಚೇತರಿಸಿದೆ, ಒಂದು ಸಲದ ಔಷಧಿಗಾಗಿ ಅದನ್ನು ಮತ್ತೆ ಅಪಾಯಕ್ಕೆ ಒಡ್ಡಬೇಕೆ ಎಂಬ ಪ್ರಶ್ನೆ ಸಣ್ಣದೇನಲ್ಲ. ಕಾರಣ ನಿವಾರಣೆಯಾಗಿದ್ದು, ನೀರು ಖಚಿತವಾಗಿದ್ದು, ರೋಗಿ ನಗರದಲ್ಲಿಯೇ ಇದ್ದುದರಿಂದ, ಹಿಂದಿನ ರಾತ್ರಿಯೇ ದಾಖಲಿಸಿ ಹೆಚ್ಚು ಸಲೈನ್ ಹರಿಸಿ ಪೂರ್ಣ ಪ್ರಮಾಣವನ್ನು ಕೊಡಲಾಯಿತು. ಒಳರೋಗಿಯಾಗಿ ಕೊಡುವ ಅನುಕೂಲವಿಲ್ಲದಿದ್ದರೆ ನಾನು ಕೊಡಬೇಡಿ ಎಂದೇ ಹೇಳುತ್ತಿದ್ದೆ.

ಫಲಿತಾಂಶ, ಮತ್ತು ಅದು ಕಲಿಸಿದ್ದು

ಅನಂತರ 7 ಗ್ರೇಯಂತೆ ನಾಲ್ಕು ಬಾರಿ ಬ್ರಾಕಿಥೆರಪಿ ನಡೆಯಿತು. ಎಲ್ಲವನ್ನೂ ದಿನಕ್ಕೆ 2 ಗ್ರೇಯ ಲೆಕ್ಕಕ್ಕೆ ಪರಿವರ್ತಿಸಿದರೆ ಗಡ್ಡೆಗೆ ಸುಮಾರು 84 ಗ್ರೇ ಸಂದಂತಾಯಿತು; ಇಡೀ ಚಿಕಿತ್ಸೆ ಎಂಟು ವಾರಗಳ ಒಳಗೇ ಮುಗಿಯಿತು. ಮೂರು ತಿಂಗಳ ನಂತರದ ಪರೀಕ್ಷೆಯಲ್ಲಿ ಮತ್ತು ಎಂಆರ್‌ಐಯಲ್ಲಿ ಗಡ್ಡೆ ಕಾಣಲಿಲ್ಲ. ಸ್ಟೆಂಟ್ ತೆಗೆದ ಮೇಲೂ ಎಡ ಮೂತ್ರಪಿಂಡ ಊದಲಿಲ್ಲ. ಈ ಬರಹದ ಹೊತ್ತಿಗೆ ಎರಡು ವರ್ಷ ಕಳೆದಿದ್ದು ರೋಗ ಮರುಕಳಿಸಿಲ್ಲ. ಬೆರಳತುದಿಗಳಲ್ಲಿ ಸಣ್ಣ ಜೋಮು ಉಳಿದಿದೆ, ಅದು ಸಿಸ್ಪ್ಲಾಟಿನ್‌ನಿಂದ. ಆಗೊಮ್ಮೆ ಈಗೊಮ್ಮೆ ಭೇದಿ, ಅದು ವಿಕಿರಣದಿಂದ.

ಔಷಧಿಯ ಮೂರು ಬಾರಿಗಳು ಈ ಫಲಿತಾಂಶಕ್ಕೆ ಎಷ್ಟು ಕಾರಣ ಎಂದು ಒಬ್ಬ ರೋಗಿಯನ್ನು ನೋಡಿ ಹೇಳಲಾಗದು. ಐದು ಬಾರಿ ಪೂರ್ತಿ ಮಾಡಿ, ಒಟ್ಟು ಚದರ ಮೀಟರಿಗೆ 200 ಮಿಲಿಗ್ರಾಂ ತಲುಪಿಸಬೇಕೆಂಬುದು ನಾವು ಇಟ್ಟುಕೊಳ್ಳುವ ಗುರಿ. ಇಲ್ಲಿ 120 ಮಾತ್ರ ತಲುಪಿತು. ಆದರೆ ಆ ಗುರಿಯ ಬೆನ್ನು ಹತ್ತಿ ಮೂತ್ರಪಿಂಡವನ್ನೋ ವಿಕಿರಣದ ದಿನಗಳನ್ನೋ ಪಣಕ್ಕಿಟ್ಟಿದ್ದರೆ ನಷ್ಟ ಹೆಚ್ಚಾಗುತ್ತಿತ್ತು ಎಂಬುದರಲ್ಲಿ ನನಗೆ ಅನುಮಾನವಿಲ್ಲ. ಔಷಧಿ, ವಿಕಿರಣ ಎರಡರಲ್ಲಿ ಒಂದನ್ನು ಬಿಡಬೇಕಾದ ವಾರ ಬಂದರೆ ಔಷಧಿಯನ್ನು ಬಿಡಬೇಕು, ವಿಕಿರಣವನ್ನಲ್ಲ. ಈ ಕ್ರಮವನ್ನು ಚಿಕಿತ್ಸೆಯ ಮೊದಲ ದಿನವೇ ರೋಗಿಗೂ ಮನೆಯವರಿಗೂ ತಿಳಿಸಿಬಿಟ್ಟರೆ, ಮೂರನೆಯ ವಾರದ ಗಾಬರಿಯಲ್ಲಿ ಹೊಸದಾಗಿ ವಿವರಿಸುವ ಕಷ್ಟ ತಪ್ಪುತ್ತದೆ.

ವಿಭಾಗದಲ್ಲಿ ಈ ಪ್ರಕರಣದ ನಂತರ ಕೆಲವು ಬದಲಾವಣೆಗಳಾದವು. ಔಷಧಿ ತೆಗೆದುಕೊಳ್ಳುತ್ತೀರಾ ಎಂದು ಕೇಳುವ ಬದಲು, ಮೈಕೈ ನೋವಿಗೆ, ಮಂಡಿ ನೋವಿಗೆ, ತಲೆನೋವಿಗೆ ಏನು ನುಂಗುತ್ತೀರಿ, ಅದನ್ನು ಎಲ್ಲಿಂದ ತರುತ್ತೀರಿ ಎಂದು ಕೇಳಲಾಗುತ್ತದೆ, ಕೈಚೀಲ ತೆರೆದು ನೋಡಲಾಗುತ್ತದೆ. ಸಿಸ್ಪ್ಲಾಟಿನ್ ಪಡೆಯುವ ಪ್ರತಿಯೊಬ್ಬರ ಕೈಗೂ ಒಂದು ಚೀಟಿ ಕೊಡುತ್ತೇವೆ. ಈ ರೋಗಿಗೆ ನೋವಿನ ಮಾತ್ರೆಗಳನ್ನು ಕೊಡಬಾರದು ಎಂದು ಅದರಲ್ಲಿ ಮೆಡಿಕಲ್ ಶಾಪ್‌ನವರನ್ನು ಉದ್ದೇಶಿಸಿ ಬರೆದಿರುತ್ತದೆ. ಕ್ರಿಯಾಟಿನಿನ್ ಅಂಕಿಯ ಪಕ್ಕದಲ್ಲಿ ಶೋಧನ ಸಾಮರ್ಥ್ಯವನ್ನೂ ಬರೆಯದೆ ಔಷಧಿಯ ಹಾಳೆಗೆ ಸಹಿ ಬೀಳುವುದಿಲ್ಲ. ದೂರದಿಂದ ಬರುವ ಮಹಿಳೆಯರಿಗೆ ಔಷಧಿಯ ದಿನ ಮತ್ತು ಅದರ ಮರುದಿನ ಉಳಿದುಕೊಳ್ಳಲು ಎಲ್ಲಿ ಅನುಕೂಲವಿದೆ ಎಂಬುದನ್ನು ಚಿಕಿತ್ಸೆ ಆರಂಭಿಸುವ ಮೊದಲೇ ಗೊತ್ತುಮಾಡಿಕೊಳ್ಳುತ್ತೇವೆ. ಎಷ್ಟು ಲೀಟರ್ ನೀರು ಕುಡಿಯಬೇಕು ಎಂಬ ಸಲಹೆಯ ಜೊತೆಗೆ, ಎಲ್ಲಿ ಕೂತು ಕುಡಿಯುತ್ತೀರಿ ಎಂದೂ ಕೇಳುತ್ತೇವೆ.

ಮುಂದೆ ಬರಲಿರುವ ಪ್ರಶ್ನೆ ಬೇರೆ. ವಿಕಿರಣಕ್ಕೂ ಮೊದಲು ಆರು ವಾರ ಕಾರ್ಬೊಪ್ಲಾಟಿನ್ ಮತ್ತು ಪ್ಯಾಕ್ಲಿಟ್ಯಾಕ್ಸೆಲ್ ಎಂಬ ಇನ್ನೊಂದು ಕ್ಯಾನ್ಸರ್ ಔಷಧಿ ಕೊಟ್ಟು, ಆಮೇಲೆ ಸಿಸ್ಪ್ಲಾಟಿನ್ ಜೊತೆ ವಿಕಿರಣ ಕೊಡುವ ಇಂಟರ್‌ಲೇಸ್ ಅಧ್ಯಯನದ ಫಲಿತಾಂಶ 2024ರಲ್ಲಿ ಪ್ರಕಟವಾಗಿದೆ. ಐದು ವರ್ಷ ಬದುಕಿದವರ ಪ್ರಮಾಣ ಶೇ. 72ರಿಂದ 80ಕ್ಕೆ ಏರಿದೆ. ಈ ಕ್ರಮವನ್ನು ನಮ್ಮಲ್ಲಿ ಅಳವಡಿಸುವುದಾದರೆ ಚಿಕಿತ್ಸೆಯ ಒಟ್ಟು ಕಾಲ ಇನ್ನೂ ಆರು ವಾರ ಬೆಳೆಯುತ್ತದೆ, ಬಸ್ಸಿನ ಓಡಾಟ ಬೆಳೆಯುತ್ತದೆ, ಮೂತ್ರನಾಳ ಒತ್ತಿಹೋದವರಲ್ಲಿ ಮೂತ್ರಪಿಂಡವನ್ನು ಇನ್ನಷ್ಟು ದಿನ ಕಾಯಬೇಕಾಗುತ್ತದೆ. ಮೊದಲಿಗೆ ಮೂತ್ರಪಿಂಡಗಳು ಚೆನ್ನಾಗಿರುವ, ನಗರದಲ್ಲಿ ಉಳಿದುಕೊಳ್ಳಬಲ್ಲ ರೋಗಿಗಳಲ್ಲಿ ಇದನ್ನು ಆರಂಭಿಸುವುದೆಂದೂ, ಈ ಪ್ರಕರಣದ ಮಹಿಳೆಯಂಥವರಿಗೆ ಸದ್ಯ ಈಗಿನ ಕ್ರಮವನ್ನೇ ಮುಂದುವರಿಸುವುದೆಂದೂ ತಂಡದಲ್ಲಿ ತೀರ್ಮಾನವಾಗಿದೆ.